ಕೆಜಿ ಲೆಕ್ಕದಲ್ಲಿ ಹಳೆ ಪುಸ್ತಕ ಕೊಂಡು, ಆನ್‌ಲೈನ್‌ನಲ್ಲಿ ಮಾರಿ, ಬೇಕಾದ್ದನ್ನು ಬಿಟ್ಟಿಯಾಗಿ ಉಳಿಸಿಕೊಳ್ಳುವುದು ಹೇಗೆ?

ಹಳೆ ಮನೆ ಖಾಲಿ ಮಾಡುವಾಗ ಫ್ರಿಜ್‌ಗೆ, ಮಂಚಕ್ಕೆ, ಹಿತ್ತಾಳೆ ಪಾತ್ರೆಗೆ ಗಿರಾಕಿ ಸಿಗುತ್ತಾರೆ. ಪುಸ್ತಕಕ್ಕೆ ಮಾತ್ರ ಗುಜರಿಯವರೇ ಗತಿ. ಮನೆಯ ಹಿರಿಯರು ವರ್ಷಗಟ್ಟಲೆ ಕೂಡಿಟ್ಟ ಕಾದಂಬರಿ, ಕವನ ಸಂಕಲನ, ಮಕ್ಕಳ ಪುಸ್ತಕ ಎಲ್ಲಾ ಹಳೆ ಪೇಪರಿನ ಜೊತೆ ತಕ್ಕಡಿ ಏರುತ್ತವೆ. ಅಲ್ಲಿಂದ ಮುಂದೆ ಕಾಗದದ ಕಾರ್ಖಾನೆಗೆ ಹೋಗಿ ನೀರಲ್ಲಿ ಕರಗುತ್ತವೆ. ಅವುಗಳಲ್ಲಿ ಮತ್ತೆ ಅಚ್ಚಾಗದೇ ಉಳಿದ ಕನ್ನಡ ಪುಸ್ತಕ ಎಷ್ಟೋ ಇರುತ್ತವೆ. ನನಗೆ ಈ ಕೆಲಸ ಇಷ್ಟವಾಗುವುದೇ ಅದಕ್ಕೆ. ರಾಶಿಯನ್ನು ಒಟ್ಟಿಗೆ ಕೊಂಡು, ಒಂದಷ್ಟನ್ನು ಬೇಕಾದವರಿಗೆ ಮುಟ್ಟಿಸಿ, ಹಾಕಿದ ದುಡ್ಡು ವಾಪಸ್ ಬಂದ ಮೇಲೆ ನಮಗೆ ಬೇಕಾದ್ದನ್ನು ಕಪಾಟಿಗೆ ಏರಿಸಿದರೆ ಪುಸ್ತಕವೂ ಉಳಿಯುತ್ತದೆ, ಜೇಬೂ ಉಳಿಯುತ್ತದೆ.

ಇದರಿಂದ ದೊಡ್ಡ ಲಾಭ ಬರುತ್ತದೆ ಅಂತ ನಾನು ಹೇಳಲಾರೆ. ಓದುವ ಚಟ ಇರುವವರಿಗೆ ಪುಸ್ತಕದ ಖರ್ಚನ್ನು ಸೊನ್ನೆಗೆ ತರುವ ದಾರಿ ಇದು. ವಾರಕ್ಕೆ ನಾಲ್ಕೈದು ಗಂಟೆ ಮತ್ತು ಮನೆಯಲ್ಲಿ ಒಂದು ಒಣ ಮೂಲೆ ಇದ್ದರೆ ಸಾಕು.

ಮೊದಲು ಲೆಕ್ಕ, ಆಮೇಲೆ ರಾಶಿ

ಇಡೀ ಕೆಲಸ ನಿಂತಿರುವುದು ಈ ಲೆಕ್ಕದ ಮೇಲೆ. ಒಂದು ಉದಾಹರಣೆ ನೋಡೋಣ. 40 ಕೆಜಿ ರಾಶಿ, ಕೆಜಿಗೆ 30 ರೂಪಾಯಿ ಅಂದುಕೊಳ್ಳಿ. ಪುಸ್ತಕಕ್ಕೆ 1,200 ಆಯಿತು. ಆಟೊಗೆ 350, ಕವರ್, ಟೇಪ್, ರಟ್ಟಿಗೆ 250. ಒಟ್ಟು ಅಸಲು 1,800 ರೂಪಾಯಿ. ಇನ್ನೂರು ಪುಟದ ಸಾಧಾರಣ ಕಾದಂಬರಿ ಕಾಲು ಕೆಜಿ ಆಸುಪಾಸು ತೂಗುತ್ತದೆ. ದಪ್ಪದ್ದು, ತೆಳುವಿನದ್ದು ಎಲ್ಲಾ ಸೇರಿ 140 ಪುಸ್ತಕ ಸಿಕ್ಕಿತು ಅನ್ನೋಣ.

ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಯಾರಿಗೂ ಬೇಡದ್ದು ಅಂತ ಮೊದಲೇ ತಲೆಯಿಂದ ತೆಗೆದುಹಾಕಿ. ಹಳೆ ಗೈಡು, ಬದಲಾದ ಸಿಲಬಸ್ಸಿನ ಪಠ್ಯಪುಸ್ತಕ, ಕಾಲ ಮೀರಿದ ಕಂಪ್ಯೂಟರ್ ಪುಸ್ತಕ ಎಲ್ಲಾ ಅದರಲ್ಲೇ ಬರುತ್ತವೆ. ಉಳಿದದ್ದರಲ್ಲಿ ಹನ್ನೆರಡು ಪುಸ್ತಕ ತಲಾ 200 ರೂಪಾಯಿಗೆ ಹೋಗುವಂತಿದ್ದರೆ, ಒಂಬತ್ತು ಮಾರಾಟವಾದ ಕೂಡಲೇ ಅಸಲು ಕೈಗೆ ಬಂತು. ಅಲ್ಲಿಂದ ಮುಂದೆ ರಾಶಿಯಲ್ಲಿ ಉಳಿದದ್ದೆಲ್ಲಾ ಬಿಟ್ಟಿ.

ಹಾಗಾಗಿ ರಾಶಿಯ ಮುಂದೆ ನಿಂತಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಇದರ ಅಸಲನ್ನು ಎತ್ತಿಕೊಡುವ ಹತ್ತು ಹನ್ನೆರಡು ಪುಸ್ತಕ ನನ್ನ ಕಣ್ಣಿಗೆ ಈಗಲೇ ಕಾಣುತ್ತಿವೆಯಾ? ಕಾಣುತ್ತಿದ್ದರೆ ಕೊಳ್ಳಿ. "ಒಳಗೆ ಏನಾದರೂ ಇರಬಹುದು" ಅನ್ನುವ ಆಸೆಗೆ ದುಡ್ಡು ಹಾಕಬೇಡಿ.

ರಾಶಿ ಎಲ್ಲಿ ಸಿಗುತ್ತದೆ

ಬೆಂಗಳೂರಿನಲ್ಲಿ ಹಳೆ ಪುಸ್ತಕ ಅಂದರೆ ಅವೆನ್ಯೂ ರಸ್ತೆ, ಚರ್ಚ್ ಸ್ಟ್ರೀಟ್ ನೆನಪಾಗುತ್ತವೆ. ಬ್ರಿಗೇಡ್ ರಸ್ತೆಯ ಪಕ್ಕದ ಓಣಿಯಲ್ಲಿರುವ ಸೆಲೆಕ್ಟ್ ಬುಕ್ ಶಾಪ್ 1945ರಿಂದ ಹಳೆ ಪುಸ್ತಕ ಮಾರುತ್ತಿದೆ. ಆದರೆ ಅಂಗಡಿಯವರಿಗೆ ಬೆಲೆ ನಮಗಿಂತ ಚೆನ್ನಾಗಿ ಗೊತ್ತು. ಅಲ್ಲಿ ಕೊಂಡು ಮಾರಿದರೆ ಏನೂ ಉಳಿಯುವುದಿಲ್ಲ. ಅಲ್ಲಿಗೆ ಕಲಿಯಲು ಹೋಗಿ. ಯಾವ ಪುಸ್ತಕಕ್ಕೆ ಎಷ್ಟು ಬರೆದಿದ್ದಾರೆ, ಯಾವುದು ತಿಂಗಳಾದರೂ ಅಲ್ಲೇ ಕೂತಿದೆ ಅಂತ ನೋಡುತ್ತಾ ಒಂದೆರಡು ತಿಂಗಳು ಓಡಾಡಿದರೆ ಕಣ್ಣು ಪಳಗುತ್ತದೆ.

ರಾಶಿ ಸಿಗುವುದು ಬೇರೆ ಕಡೆ. ಬಡಾವಣೆಯ ಗುಜರಿ ಅಂಗಡಿ ಮೊದಲನೆಯದು. ಅಂಗಡಿಯವರ ಜೊತೆ ಪರಿಚಯ ಬೆಳೆಸಿ, ಪುಸ್ತಕ ಬಂದಾಗ ಫೋನ್ ಮಾಡಲು ಹೇಳಿ. ಅವರಿಗೆ ಬೇಕಾಗಿರುವುದು ಜಾಗ ಬೇಗ ಖಾಲಿಯಾಗುವುದು. "ಅಣ್ಣಾ, ನಾನು ಆರಿಸಿಕೊಂಡು ಕೂರಲ್ಲ, ಪೂರಾ ತಗೊಂಡು ಹೋಗ್ತೀನಿ. ಕೆಜಿಗೆ ಎಷ್ಟು ಹೇಳ್ತೀರ?" ಅಂದರೆ ಬೆಲೆ ತಾನಾಗಿ ಇಳಿಯುತ್ತದೆ. ಒಂದೊಂದೇ ಆರಿಸಲು ಕೂತರೆ ಪ್ರತಿ ಪುಸ್ತಕಕ್ಕೂ ಬೇರೆ ಬೆಲೆ ಶುರುವಾಗುತ್ತದೆ. ಅವರು ರದ್ದಿಗೆ ಕೊಟ್ಟ ಬೆಲೆಗಿಂತ ಸ್ವಲ್ಪ ಜಾಸ್ತಿಯೇ ಕೊಡಿ. ಮುಂದಿನ ಸಲ ಪುಸ್ತಕದ ಮೂಟೆಯನ್ನು ಮಳೆಗೆ ಬಿಡದೆ ಒಳಗಿಟ್ಟು ಕಾಯುತ್ತಾರೆ.

ಎರಡನೆಯದು, ಮನೆ ಬದಲಿಸುವವರು. ಅಪಾರ್ಟ್‌ಮೆಂಟ್ ವಾಟ್ಸ್ಯಾಪ್ ಗುಂಪು, ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಇಂಥ ರಾಶಿ ಜಾಸ್ತಿ ಬರುತ್ತವೆ. ಮಕ್ಕಳ ಪುಸ್ತಕ, ಇಂಗ್ಲಿಷ್ ಕಾದಂಬರಿ ಸಿಗುವುದು ಇಲ್ಲೇ.

ಮೂರನೆಯದು ನಿವೃತ್ತ ಮೇಷ್ಟ್ರು, ಪ್ರೊಫೆಸರ್‌ಗಳ ಮನೆ. ಒಳ್ಳೆಯ ಕನ್ನಡ ಪುಸ್ತಕ ಇರುವುದು ಇಲ್ಲಿ. ಬಹಳ ಸಲ ಹಿರಿಯರು ತೀರಿಕೊಂಡ ಮೇಲೆ ಮನೆಯವರು ಕರೆಯುತ್ತಾರೆ. ಅಲ್ಲಿ ಗುಜರಿ ಅಂಗಡಿಯ ಚೌಕಾಸಿ ಬೇಡ. ನಾನು ಪಾಲಿಸುವ ಕ್ರಮ ಹೀಗಿದೆ. "ಅಮ್ಮಾ, ಈ ನಾಲ್ಕು ಪುಸ್ತಕಕ್ಕೆ ಒಳ್ಳೆ ಬೆಲೆ ಬರುತ್ತೆ. ಇವನ್ನ ಮನೆಯಲ್ಲೇ ಇಟ್ಕೊಳ್ತೀರಾ, ಇಲ್ಲಾ ನಾನು ಬೇರೆ ರೇಟ್ ಹಾಕಿ ಕೊಡ್ಲಾ?" ಅಂತ ಎದುರಿಗೇ ಕೇಳುತ್ತೇನೆ. ಗಂಡನ ಪುಸ್ತಕ ಯಾರ ಕೈಗೆ ಹೋಗುತ್ತದೆ ಅನ್ನುವುದು ಅವರಿಗೆ ಮುಖ್ಯ. ಹೀಗೆ ಕೇಳಿದ ಮೇಲೆ ಅವರೇ ಇನ್ನೊಂದು ಮನೆಯ ನಂಬರ್ ಕೊಡುತ್ತಾರೆ. ಪುಸ್ತಕದ ಒಳಗೆ ಹಳೆ ಕಾಗದ, ಫೋಟೊ, ಬ್ಯಾಂಕಿನ ರಸೀದಿ ಸಿಕ್ಕರೆ ವಾಪಸ್ ಕೊಟ್ಟುಬಿಡಿ. ಅದು ರಾಶಿಯ ಭಾಗ ಅಲ್ಲ.

ಮುಚ್ಚುತ್ತಿರುವ ಸರ್ಕ್ಯುಲೇಟಿಂಗ್ ಲೈಬ್ರರಿಗಳೂ ಇವೆ. ಅವುಗಳ ಪುಸ್ತಕಕ್ಕೆ ದಪ್ಪ ರಟ್ಟು ಹಾಕಿ ಹೊಲಿದಿರುತ್ತಾರೆ, ಅಂಚು ಕತ್ತರಿಸಿರುತ್ತಾರೆ, ಹತ್ತು ಕಡೆ ಸೀಲು ಇರುತ್ತದೆ. ಸಂಗ್ರಹಕಾರರು ಇವನ್ನು ಮುಟ್ಟುವುದಿಲ್ಲ. ಓದುವವರು ಕಡಿಮೆ ಬೆಲೆಗೆ ಖುಷಿಯಿಂದ ಕೊಳ್ಳುತ್ತಾರೆ. ಸರ್ಕಾರಿ ಅಥವಾ ಕಾಲೇಜು ಗ್ರಂಥಾಲಯದ ಸೀಲು ಇದ್ದು, ವಿಲೇವಾರಿ ಮಾಡಿದ ಗುರುತು ಇಲ್ಲದಿದ್ದರೆ ಮಾರಬೇಡಿ. ಕೇಳಿ ವಾಪಸ್ ಕೊಡುವುದೇ ಸರಿ.

ಹತ್ತು ನಿಮಿಷದಲ್ಲಿ ರಾಶಿ ನೋಡುವ ಬಗೆ

ಮೊದಲು ಮೂಗು, ಆಮೇಲೆ ಕಣ್ಣು. ಚೀಲ ಬಿಚ್ಚಿದಾಗ ಹಸಿ ಮಣ್ಣಿನ ವಾಸನೆ ಬಂದರೆ ಒಳಗೆ ಬೂಷ್ಟು ಇದೆ ಅಂತ ಅರ್ಥ. ಪುಟಗಳ ಮಧ್ಯೆ ಮಣ್ಣಿನ ಗೆರೆ ಕಂಡರೆ ಗೆದ್ದಲು. ಆ ರಾಶಿಯನ್ನು ಬಿಟ್ಟುಬಿಡಿ, ನಿಮ್ಮ ಕಪಾಟಿಗೇ ಅಪಾಯ.

ಚೀಲದ ಮೇಲಿಂದ, ನಡುವಿನಿಂದ, ತಳದಿಂದ ಐದೈದು ಪುಸ್ತಕ ತೆಗೆದು ನೋಡಿ. ಮೇಲೆ ಮಾತ್ರ ಚೆಂದ ಕಾಣುವಂತೆ ಜೋಡಿಸಿರುವುದು ಉಂಟು. ಬೆನ್ನು ಹಿಡಿದು ಪುಸ್ತಕ ಅರ್ಧ ತೆರೆಯಿರಿ. ಹಾಳೆ ಕಿತ್ತು ಬರುತ್ತಿದ್ದರೆ ಬೈಂಡಿಂಗ್ ಹೋಗಿದೆ. ಆಮೇಲೆ ಕೊನೆಯ ಪುಟ ನೋಡಿ. ಹಳೆ ಕನ್ನಡ ಪುಸ್ತಕದಲ್ಲಿ ಒಂದು ಫಾರಂ, ಅಂದರೆ ಒಟ್ಟಿಗೆ ಮಡಚಿ ಹೊಲಿದ ಪುಟಗಳ ಕಂತೆ, ಪೂರ್ತಿ ಬಿದ್ದುಹೋಗಿರುವುದು ಸಾಮಾನ್ಯ. ಹದಿನಾರು ಪುಟ ಒಟ್ಟಿಗೆ ಹೋದರೆ ಕಥೆಯೇ ಹೋಯಿತು. ಒಂದರ್ಧ ನಿಮಿಷ ಪುಟಸಂಖ್ಯೆ ಸರಸರ ತಿರುವಿದರೆ ಗೊತ್ತಾಗುತ್ತದೆ.

ಇನ್ನು ಬೆಲೆ ತರುವುದು ಯಾವುದು? ಓದಿಗೆ ಒಳ್ಳೆಯ ಪುಸ್ತಕಕ್ಕೆಲ್ಲಾ ಹಳೆ ಪ್ರತಿಯಲ್ಲಿ ಬೆಲೆ ಬರುವುದಿಲ್ಲ. ಇವತ್ತಿಗೂ ಮುದ್ರಣವಾಗುತ್ತಿರುವ ಪ್ರಸಿದ್ಧ ಕಾದಂಬರಿಗೆ ಹೊಸ ಪ್ರತಿಯ ಅರ್ಧ ಬೆಲೆ ಬಂದರೆ ದೊಡ್ಡದು, ಆದರೆ ಅದು ಬೇಗ ಹೋಗುತ್ತದೆ. ಜಾಸ್ತಿ ಬೆಲೆ ಬರುವುದು ಅಂಗಡಿಯಲ್ಲಿ ಸಿಗದಿದ್ದಕ್ಕೆ. ಧಾರವಾಡದ ಮನೋಹರ ಗ್ರಂಥಮಾಲೆ, ಮೈಸೂರಿನ ಕಾವ್ಯಾಲಯದಂಥ ಹಳೆ ಪ್ರಕಾಶನಗಳ ಮೊದಲ ಮುದ್ರಣ, ಲೇಖಕರ ರುಜು ಇರುವ ಪ್ರತಿ, ನಿಘಂಟು, ಜಿಲ್ಲಾ ಗ್ಯಾಸೆಟಿಯರ್, ಊರು ಮತ್ತು ದೇವಸ್ಥಾನಗಳ ಚರಿತ್ರೆ, ಅಡುಗೆ ಮತ್ತು ನಾಟಿವೈದ್ಯದ ಹಳೆ ಪುಸ್ತಕ, ಅಭಿನಂದನ ಗ್ರಂಥ ಇವೆಲ್ಲಾ ಆ ಗುಂಪಿಗೆ ಸೇರುತ್ತವೆ. ಬಾಲ್ಯದ ನೆನಪಿನ ಪುಸ್ತಕಗಳದ್ದು ಬೇರೆಯೇ ಲೋಕ. ಚಂದಮಾಮದ ಹಳೆ ಸಂಚಿಕೆ, ಕನ್ನಡದ ಅಮರ ಚಿತ್ರ ಕಥೆ, ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ ಪುಟ್ಟ ಪುಸ್ತಕ ಕಂಡರೆ ಮೊದಲು ಪಕ್ಕಕ್ಕಿಡಿ. ಭಾರತ-ಭಾರತಿಯಲ್ಲಿ 510 ಪುಸ್ತಕ ಬಂದಿವೆ. ಸೆಟ್ಟು ತುಂಬಿಸಿಕೊಳ್ಳಲು ಹುಡುಕುವವರು ಇದ್ದೇ ಇರುತ್ತಾರೆ.

ಇನ್ನೊಂದು ವಸ್ತು ಕೈಗೆ ಬಂದರೆ ಎಚ್ಚರ. ಹಳೆ ಮನೆಯ ಪೆಟ್ಟಿಗೆಯಲ್ಲಿ ಓಲೆಗರಿ, ಕೈಬರಹದ ಕಡತ ಸಿಗುವುದುಂಟು. ಮಹತ್ವವಿರುವ, 75 ವರ್ಷ ದಾಟಿದ ಹಸ್ತಪ್ರತಿ 1972ರ ಪ್ರಾಚೀನ ವಸ್ತುಗಳ ಕಾಯ್ದೆಯೊಳಗೆ ಬರುತ್ತದೆ. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ. ಮನೆಯವರಿಗೆ ತಿಳಿಸಿ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ತೋರಿಸಲು ಹೇಳಿ. 1891ರಲ್ಲಿ ಶುರುವಾದ ಆ ಸಂಸ್ಥೆಯಲ್ಲೇ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಬೆಳಕಿಗೆ ಬಂದದ್ದು.

ಮನೆಗೆ ತಂದ ಮೇಲೆ

ಹೊಸ ರಾಶಿಯನ್ನು ನಿಮ್ಮ ಪುಸ್ತಕಗಳ ಹತ್ತಿರ ತರಬೇಡಿ. ಬಾಲ್ಕನಿಯಲ್ಲೋ ವೆರಾಂಡಾದಲ್ಲೋ ಎರಡು ದಿನ ಗಾಳಿಗೆ ಬಿಡಿ, ನೇರ ಬಿಸಿಲು ಬೇಡ. ಮಾಸ್ಕ್ ಹಾಕಿಕೊಂಡು, ಮೆತ್ತನೆ ಬ್ರಷ್ಷಿನಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಧೂಳು ತೆಗೆಯಿರಿ. ಒದ್ದೆ ಬಟ್ಟೆ ಪ್ಲಾಸ್ಟಿಕ್ ಲೇಪನ ಇರುವ ಮುಖಪುಟಕ್ಕೆ ಮಾತ್ರ, ಅದೂ ಚೆನ್ನಾಗಿ ಹಿಂಡಿ.

ಹುಳ ಇರುವ ಅನುಮಾನ ಬಂದರೆ ಪುಸ್ತಕವನ್ನು ಜಿಪ್ ಕವರಿನಲ್ಲಿ ಗಾಳಿ ತೆಗೆದು ಮುಚ್ಚಿ, ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ಇಡೀ ದಿನ ಕವರ್ ಬಿಚ್ಚಬಾರದು. ಬಿಚ್ಚಿದರೆ ಹಾಳೆ ಮೇಲೆ ನೀರು ಕೂರುತ್ತದೆ. ಹಳೆ ವಾಸನೆಗೆ ಒಂದು ಡಬ್ಬಿಯಲ್ಲಿ ಅಡುಗೆ ಸೋಡಾ ತೆರೆದಿಟ್ಟು, ಪುಸ್ತಕದ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ವಾರ ಬಿಡಿ. ನುಸಿಗುಳಿಗೆ ಬಳಸಬೇಡಿ. ಆ ಘಾಟು ಆಮೇಲೆ ಹೋಗುವುದೇ ಇಲ್ಲ, ಕೊಳ್ಳುವವರು ದೂರುತ್ತಾರೆ.

ಹರಿದ ಹಾಳೆಗೆ ಸೆಲೊ ಟೇಪ್ ಅಂಟಿಸುವುದು ಪುಸ್ತಕಕ್ಕೆ ಮಾಡುವ ದೊಡ್ಡ ಕೇಡು. ಕೆಲವು ವರ್ಷದಲ್ಲಿ ಅದು ಹಳದಿಯಾಗಿ, ಅಂಟು ಅಕ್ಷರವನ್ನೇ ತಿನ್ನುತ್ತದೆ. ಮೈದಾ ಗಂಜಿ ಕಾಯಿಸಿ, ತೆಳು ಕಾಗದದ ಸಣ್ಣ ಪಟ್ಟಿ ಇಟ್ಟು ಅಂಟಿಸಿ, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಡಿ. ಪೆನ್ಸಿಲ್ ಗುರುತು ಅಳಿಸಬಹುದು. ಪೆನ್ನಿನಲ್ಲಿ ಬರೆದ ಹೆಸರು, "ಮದುವೆಯ ಉಡುಗೊರೆ" ಅಂತ ಬರೆದ ಸಾಲು ಹಾಗೇ ಇರಲಿ. ಕೆರೆದರೆ ಹಾಳೆ ಹೋಗುತ್ತದೆ. ಅದಕ್ಕೇ ಮನಸೋತು ಕೊಳ್ಳುವವರೂ ಇದ್ದಾರೆ.

ನಿಮ್ಮದನ್ನು ಆರಿಸುವುದು

ಎಲ್ಲರೂ ಎಡವುವುದು ಇಲ್ಲೇ. ಪುಸ್ತಕಪ್ರೇಮಿ ರಾಶಿ ತಂದ ದಿನವೇ ಮೂವತ್ತು ಪುಸ್ತಕ ತನಗೆ ಬೇಕು ಅಂತ ಎತ್ತಿಟ್ಟುಕೊಂಡರೆ, ಮಾರಲು ಗೈಡು ಮಾತ್ರ ಉಳಿಯುತ್ತದೆ.

ನಾನು ಹೇಳುವ ಕ್ರಮ ಇದು. ನಿಮಗೆ ಬೇಕಾದ್ದನ್ನು ಒಂದು ಪೆಟ್ಟಿಗೆಗೆ ಹಾಕಿ, ಆದರೆ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಬೇಡ. ಪ್ರತಿಯೊಂದರೊಳಗೂ ಅದರ ಮಾರಾಟದ ಬೆಲೆ ಬರೆದ ಚೀಟಿ ಇಡಿ. ಮೂರು ತಿಂಗಳೊಳಗೆ ಅಸಲು ವಾಪಸ್ ಬಂದರೆ ಪೆಟ್ಟಿಗೆ ನಿಮ್ಮದು. ಬರದಿದ್ದರೆ ಅಲ್ಲಿಂದ ಒಂದೊಂದೇ ತೆಗೆದು ಮಾರಬೇಕು. ತುಂಬಾ ಬೆಲೆ ಬಾಳುವ ಪುಸ್ತಕವೇ ನಿಮಗೂ ಬೇಕು ಅಂತಾದರೆ, ಮೊದಲು ಓದಿ. ಓದಿದ ಮೇಲೂ ಬಿಡಲು ಮನಸ್ಸಾಗದಿದ್ದರೆ ಉಳಿಸಿಕೊಳ್ಳಿ. ಬಹಳಷ್ಟು ಪುಸ್ತಕ ಓದಿದ ಮೇಲೆ ಬಿಟ್ಟುಕೊಡಬಹುದು ಅನ್ನಿಸುತ್ತದೆ. ಬಿಟ್ಟಿ ಓದು ಅನ್ನುವುದೂ ಬಿಟ್ಟಿ ಪುಸ್ತಕದಷ್ಟೇ ದೊಡ್ಡದು.

ಬೆಲೆ ಹಾಕುವುದು

ಇಂಗ್ಲಿಷ್ ಪುಸ್ತಕಕ್ಕೆ ಹಿಂಬದಿಯ ಐಎಸ್‌ಬಿಎನ್ ಸಂಖ್ಯೆ ಹಾಕಿ ಹುಡುಕಿದರೆ ಬೆಲೆ ಸಿಗುತ್ತದೆ. ಹಳೆ ಕನ್ನಡ ಪುಸ್ತಕದಲ್ಲಿ ಆ ಸಂಖ್ಯೆಯೇ ಇರುವುದಿಲ್ಲ. ಹೆಸರು, ಲೇಖಕರು, ಪ್ರಕಾಶನ ಹಾಕಿ ಹುಡುಕಬೇಕು. ಈಗಲೂ ಅಚ್ಚಿನಲ್ಲಿದೆಯೋ ಇಲ್ಲವೋ ಅಂತ ಮೊದಲು ನೋಡಿ. ನವಕರ್ನಾಟಕ, ಸಪ್ನದಂಥ ಅಂಗಡಿಗಳ ಜಾಲತಾಣದಲ್ಲಿ ಗೊತ್ತಾಗುತ್ತದೆ. ಪುಟ ಎಲ್ಲಾ ಸರಿ ಇವೆಯಾ ಅಂತ ಅನುಮಾನ ಬಂದರೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ. ಸ್ಕ್ಯಾನ್ ಮಾಡಿದ ಹಳೆ ಕನ್ನಡ ಪುಸ್ತಕ ಅಲ್ಲಿ ಸಾವಿರಗಟ್ಟಲೆ ಇವೆ, ಪುಟಕ್ಕೆ ಪುಟ ಹೋಲಿಸಬಹುದು.

ಯಾರೋ ಒಬ್ಬರು 3,000 ರೂಪಾಯಿ ಅಂತ ಹಾಕಿದ್ದಾರೆ ಅಂದ ಮಾತ್ರಕ್ಕೆ ಅದು ಬೆಲೆಯಲ್ಲ. ಅದು ಕೇಳಿದ ಬೆಲೆ. ಹಳೆ ಪುಸ್ತಕದ ಗುಂಪುಗಳಲ್ಲಿ "ಸೋಲ್ಡ್" ಅಂತ ಬಿದ್ದ ಪೋಸ್ಟುಗಳನ್ನು ನೋಡಿ. ಕೈ ಬದಲಾದ ಬೆಲೆಯೇ ನಿಜವಾದ ಬೆಲೆ. ನನ್ನ ಅಭಿಪ್ರಾಯದಲ್ಲಿ, ಅಚ್ಚಿನಲ್ಲಿರುವ ಪುಸ್ತಕಕ್ಕೆ ಹೊಸದರ ಶೇ. 40ರಿಂದ 50 ಹಾಕಿದರೆ ಸರಿ. ಮೊದಲ ಮುದ್ರಣಕ್ಕೆ ಮೊದಲ ಎರಡು ವಾರ ಸ್ವಲ್ಪ ಎತ್ತರದ ಬೆಲೆ ಇಟ್ಟು, ಆಮೇಲೆ ಇಳಿಸಿ. ವಿದ್ಯಾರ್ಥಿಗಳು ಸಂಶೋಧನೆಗೆ ಅಂತ ಕೇಳಿದರೆ ಇಳಿಸಿ ಕೊಡಿ. ಪುಸ್ತಕ ಹೋಗಬೇಕಾದ ಜಾಗ ಅದೇ.

ಫೋಟೊ ಮತ್ತು ವಿವರ

ಬೆಳಗಿನ ಹೊತ್ತು ಕಿಟಕಿ ಪಕ್ಕ ಇಟ್ಟು ನಾಲ್ಕು ಫೋಟೊ ತೆಗೆಯಿರಿ. ಮುಖಪುಟ, ಬೆನ್ನು, ಮುದ್ರಣದ ವಿವರ ಇರುವ ಪುಟ, ಮತ್ತು ಪುಸ್ತಕದಲ್ಲಿ ಎಲ್ಲಕ್ಕಿಂತ ಹಾಳಾದ ಜಾಗ. ನಾಲ್ಕನೆಯದು ಮುಖ್ಯ. ಅದನ್ನು ಮೊದಲೇ ತೋರಿಸಿದರೆ ವಾಪಸ್ ಕಳಿಸುವ ಜಗಳ ಬರುವುದಿಲ್ಲ.

ವಿವರ ಹೀಗೆ ಬರೆಯಿರಿ: "ಸಾಮಾಜಿಕ ಕಾದಂಬರಿ. ಎರಡನೇ ಮುದ್ರಣ, 1974. 212 ಪುಟ, ಎಲ್ಲಾ ಇವೆ. ಬೆನ್ನು ಗಟ್ಟಿ. ಮುಖಪುಟದ ಬಲ ಮೂಲೆ ಮಡಚಿದೆ. ಮೊದಲ ಪುಟದಲ್ಲಿ ಹೆಸರು ಬರೆದಿದೆ. 40ರಿಂದ 46ನೇ ಪುಟದವರೆಗೆ ಕೆಂಪು ಗೆರೆ. 180 ರೂಪಾಯಿ, ಅಂಚೆ ಬೇರೆ." ಹೆಸರನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹಾಕಿ. ಕನ್ನಡ ಓದುವ ಎಷ್ಟೋ ಜನ ಫೋನಿನಲ್ಲಿ ಹುಡುಕುವುದು ಇಂಗ್ಲಿಷ್ ಅಕ್ಷರದಲ್ಲೇ.

ಎಲ್ಲಿ ಮಾರುವುದು

ಇಂಗ್ಲಿಷ್ ಮತ್ತು ಪರೀಕ್ಷೆ ಪುಸ್ತಕಕ್ಕೆ ಓಎಲ್‌ಎಕ್ಸ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಸಾಕು. ಹತ್ತಿರದವರೇ ಬಂದು ತೆಗೆದುಕೊಂಡು ಹೋಗುತ್ತಾರೆ. ಕನ್ನಡ ಪುಸ್ತಕಕ್ಕೆ ಫೇಸ್‌ಬುಕ್ಕಿನ ಓದುಗರ ಗುಂಪು, ಇನ್‌ಸ್ಟಾಗ್ರಾಂ ಪುಟ, ನಿಮ್ಮದೇ ವಾಟ್ಸ್ಯಾಪ್ ಪಟ್ಟಿ ಒಳ್ಳೆಯದು. ಮಾರುವ ಮೊದಲು ಗುಂಪಿನ ನಿಯಮ ಓದಿ. ವಾರಕ್ಕೆ ಒಂದು ದಿನ, ಒಂದೇ ಹೊತ್ತಿಗೆ, ಹತ್ತು ಹನ್ನೆರಡು ಪುಸ್ತಕ ಹಾಕಿ. ಭಾನುವಾರ ಸಂಜೆ ಒಳ್ಳೆ ಹೊತ್ತು. ಎಲ್ಲವನ್ನೂ ಒಂದೇ ದಿನ ಸುರಿದರೆ ಜನ ನೋಡುವುದನ್ನೇ ಬಿಡುತ್ತಾರೆ. ಮೊದಲು "ನನಗೆ" ಅಂದವರಿಗೆ ಪುಸ್ತಕ, ದುಡ್ಡಿಗೆ 24 ಗಂಟೆ ಸಮಯ, ಆಮೇಲೆ ಮುಂದಿನವರಿಗೆ. ಈ ನಿಯಮವನ್ನು ಪೋಸ್ಟಿನ ಕೆಳಗೆ ಬರೆದುಬಿಡಿ.

ಅಮೆರಿಕ, ದುಬೈಯಲ್ಲಿರುವ ಕನ್ನಡಿಗರಿಂದಲೂ ಕೇಳಿಕೆ ಬರುತ್ತದೆ. ವಿದೇಶಕ್ಕೆ ಅಂಚೆ ದುಬಾರಿ. ಮೈಸೂರಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ಅವರ ತಂದೆತಾಯಿಯ ಮನೆಗೆ ಕಳಿಸಿದರೆ, ರಜೆಗೆ ಬಂದಾಗ ಒಯ್ಯುತ್ತಾರೆ.

ಮೋಸದ ಬಗ್ಗೆ ಒಂದು ಮಾತು. "ದುಡ್ಡು ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ" ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಹಾಕುವ ಅಗತ್ಯವೇ ಇಲ್ಲ. ಪಾವತಿಯ ಸ್ಕ್ರೀನ್‌ಶಾಟ್ ನಂಬದೆ ಬ್ಯಾಂಕ್ ಖಾತೆ ನೋಡಿಯೇ ಕಳಿಸಿ. ದುಡ್ಡು ಹೋಯಿತು ಅಂತಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ಯಾಕಿಂಗ್ ಮತ್ತು ಅಂಚೆ

ಪುಸ್ತಕ ಹಾಳಾಗುವುದು ಮೂಲೆಯಲ್ಲಿ ಮತ್ತು ನೀರಲ್ಲಿ. ಮೊದಲು ಪ್ಲಾಸ್ಟಿಕ್ ಕವರ್, ಆಮೇಲೆ ಎರಡು ಬದಿಗೂ ಪುಸ್ತಕಕ್ಕಿಂತ ಒಂದು ಬೆರಳು ದೊಡ್ಡದಾದ ರಟ್ಟು, ಅದರ ಮೇಲೆ ದಪ್ಪ ಕಾಗದ. ರಟ್ಟು ಹೊರಗೆ ಚಾಚಿಕೊಂಡಿದ್ದರೆ ಪೆಟ್ಟು ಅದಕ್ಕೆ ಬೀಳುತ್ತದೆ, ಪುಸ್ತಕದ ಮೂಲೆ ಉಳಿಯುತ್ತದೆ. ಪುಸ್ತಕಕ್ಕೆ ನೇರವಾಗಿ ನ್ಯೂಸ್‌ಪೇಪರ್ ಸುತ್ತಬೇಡಿ, ಮಸಿ ಹತ್ತುತ್ತದೆ.

ಅಂಚೆ ಇಲಾಖೆ 2025ರ ಮೇ 1ರಿಂದ ಪುಸ್ತಕ ಕಳಿಸಲು ಜ್ಞಾನ್ ಪೋಸ್ಟ್ ಅನ್ನುವ ಸೇವೆ ಶುರುಮಾಡಿದೆ. ಶುರುವಾದಾಗಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ಪೊಟ್ಟಣ ಎಲ್ಲಿದೆ ಅಂತ ನೋಡಲೂ ಬರುತ್ತದೆ. ಪುಸ್ತಕದಲ್ಲಿ ಪ್ರಕಾಶಕರ ಅಥವಾ ಮುದ್ರಕರ ಹೆಸರು ಇರಬೇಕು. ಜಾಹೀರಾತು ಇರುವ ಪತ್ರಿಕೆ, ವಾರಪತ್ರಿಕೆ ಇದರಲ್ಲಿ ಹೋಗುವುದಿಲ್ಲ. ಒಳಗೆ ಖಾಸಗಿ ಪತ್ರ ಇಡಬೇಡಿ. ಕೌಂಟರಿನಲ್ಲಿ ಆ ದಿನದ ದರ ಕೇಳಿಕೊಂಡೇ ಗಿರಾಕಿಗೆ ಹೇಳಿ. ಬೆಲೆ ಬಾಳುವ ಪುಸ್ತಕವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುವುದು ವಾಸಿ. ಹಳೆ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಅದರ ಜೊತೆಗೇ ಸೇರಿಹೋಗಿದೆ.

ಆ ದರ ನೋಡಿದರೆ ಇನ್ನೊಂದು ಉಪಾಯ ಹೊಳೆಯುತ್ತದೆ, ಅಲ್ವಾ? ಒಂದು ಪುಸ್ತಕಕ್ಕೆ 20 ರೂಪಾಯಿ ಅಂಚೆ ಆದರೆ, 5 ಕೆಜಿ ಕಟ್ಟಿನಲ್ಲಿ ಇಪ್ಪತ್ತು ಪುಸ್ತಕ ಹೋದಾಗ ತಲಾ 5 ರೂಪಾಯಿ. ಹಾಗಾಗಿ ಸಾಧಾರಣ ಪುಸ್ತಕಗಳನ್ನು ಬಿಡಿಬಿಡಿಯಾಗಿ ಮಾರುತ್ತಾ ಕೂರಬೇಡಿ. ಹತ್ತು ಪತ್ತೇದಾರಿ ಕಾದಂಬರಿ, ಹದಿನೈದು ಮಕ್ಕಳ ಕಥೆ, ಒಬ್ಬರೇ ಲೇಖಕಿಯ ಎಂಟು ಕಾದಂಬರಿ ಅಂತ ಕಟ್ಟು ಮಾಡಿ. ಹಳ್ಳಿ ಶಾಲೆಯ ಮೇಷ್ಟ್ರು, ಮನೆಯಲ್ಲಿ ಪುಟ್ಟ ಲೈಬ್ರರಿ ಮಾಡುವವರು ಇಂಥ ಕಟ್ಟನ್ನೇ ಹುಡುಕುತ್ತಿರುತ್ತಾರೆ.

ಕಾನೂನು, ತೆರಿಗೆ

ಹಳೆ ಪುಸ್ತಕ ಮಾರುವುದು ತಪ್ಪಲ್ಲ. ಕಳ್ಳ ಮುದ್ರಣ ಮಾರುವುದು ಅಪರಾಧ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಇದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ ಇದೆ. ಮಸುಕಾದ ಅಕ್ಷರ, ವಾಲಿದ ಸಾಲು, ತೆಳು ಹಾಳೆ, ಮುಖಪುಟದಲ್ಲಿ ಕಲಸಿದ ಬಣ್ಣ ಕಂಡರೆ ಅದು ಕಳ್ಳ ಪ್ರತಿ. ರದ್ದಿಗೆ ಹಾಕಿ. ಬರೆದವರ ಹೊಟ್ಟೆ ಮೇಲೆ ಹೊಡೆದು ನಮ್ಮ ಕಪಾಟು ತುಂಬಿಸುವುದು ಬೇಡ.

ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಬರೀ ಪುಸ್ತಕ ಮಾರುವವರಿಗೆ ಜಿಎಸ್‌ಟಿ ನೋಂದಣಿಯೂ ಬೇಕಿಲ್ಲ. ಪುಸ್ತಕದ ಜೊತೆ ಆಟಿಕೆ, ಸ್ಟೇಷನರಿ ಮಾರಲು ಶುರುಮಾಡಿದರೆ ಲೆಕ್ಕ ಬದಲಾಗುತ್ತದೆ. ಉಳಿದ ಲಾಭ ನಿಮ್ಮ ಆದಾಯವೇ, ರಿಟರ್ನ್ಸ್‌ನಲ್ಲಿ ತೋರಿಸಿ. ಒಂದು ನೋಟ್‌ಬುಕ್ಕಿನಲ್ಲಿ ಕೊಂಡದ್ದು, ಮಾರಿದ್ದು, ಅಂಚೆ ಖರ್ಚು ಬರೆದಿಟ್ಟರೆ ಅಸಲು ಎಲ್ಲಿಗೆ ಬಂತು ಅಂತಲೂ ಗೊತ್ತಾಗುತ್ತದೆ.

ಉಳಿದದ್ದು

ಮೂರು ತಿಂಗಳಾದ ಮೇಲೂ ಹೋಗದೆ ಉಳಿದ ಪುಸ್ತಕದಲ್ಲಿ ಓದಲು ಬರುವಂಥದ್ದನ್ನು ಹತ್ತಿರದ ಶಾಲೆಗೆ, ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೇಳಿಕೊಂಡು ಕೊಡಿ. ಯಾವುದು ಬೇಕು ಅಂತ ಮೊದಲೇ ಪಟ್ಟಿ ಕಳಿಸಿ, ಕಸವನ್ನು ದಾನ ಮಾಡಬೇಡಿ. ಹಳೆ ಗೈಡು, ಹಾಳೆ ಬಿದ್ದುಹೋದವು ತಂದ ಗುಜರಿ ಅಂಗಡಿಗೇ ವಾಪಸ್ ಹೋಗಲಿ. ಒಂದಷ್ಟು ರೂಪಾಯಿ ಅಲ್ಲಿಂದಲೂ ಬರುತ್ತದೆ.

ಒಂದು ರಾಶಿ ಮುಗಿಯುವ ಮೊದಲು ಇನ್ನೊಂದಕ್ಕೆ ಕೈ ಹಾಕಬೇಡಿ. ಮನೆಯಲ್ಲಿ ಓಡಾಡಲು ಜಾಗ ಇಲ್ಲದಂತಾದರೆ ಮನೆಯವರ ಸಹನೆ ಮುಗಿಯುತ್ತದೆ, ಕೆಲಸವೂ ಅಲ್ಲಿಗೇ ನಿಲ್ಲುತ್ತದೆ. ಮಾರಾಟದ ಪಟ್ಟಿಯಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಪುಸ್ತಕ ಉಳಿದಾಗ ಗುಜರಿ ಅಂಗಡಿಯ ಅಣ್ಣನಿಗೆ ಫೋನ್ ಮಾಡಿ, ಹೊಸ ಮೂಟೆ ಏನಾದರೂ ಬಂದಿದೆಯಾ ಅಂತ ಕೇಳಿ.